ಅವಳಿಗಳ ಆಟ, ಹಿರಿಯರ ತಪ್ಪು

ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ ನಮ್ಮ ನಡುಮನೆಯಲ್ಲಿ ಏಳು ಮಂದಿ ಕುಳಿತು ‘ದಿ ಪೇರೆಂಟ್ ಟ್ರ್ಯಾಪ್’ ಎಂಬ ಇಂಗ್ಲಿಷ್ ಚಲಚ್ಚಿತ್ರವನ್ನು ನೋಡಿದೆವು. ಎರಡು ಗಂಟೆಗೂ ಮೀರಿದ ಆ ಚಿತ್ರ ಮುಗಿದಾಗ ಆರು ಅಭಿಪ್ರಾಯಗಳು ಹೊರಬಿದ್ದುವು. ಏಳನೆಯವಳು, ನನ್ನ ಮಗಳ ಸಹಪಾಠಿ, ಮಾತನಾಡಲಿಲ್ಲ.

ಒಂಬತ್ತು ವರ್ಷದ ನನ್ನ ಮಗಳ ಪಾಲಿಗೆ ಅದು ಜಗತ್ತಿನ ಸರ್ವಶ್ರೇಷ್ಠ ಚಿತ್ರ. ನನ್ನ ಪತ್ನಿ, “ಮಕ್ಕಳೇನೋ ನಗಿಸಿದರು, ಆದರೆ ಆ ತಾಯಿಯನ್ನು ಮಾತ್ರ ನಾನು ಕ್ಷಮಿಸಲಾರೆ” ಎಂದಳು. ನನ್ನ ತಾಯಿಯವರು, “ಇದೇನು ಹೊಸ ಕಥೆಯೆ? ಚಿಕ್ಕಂದಿನಲ್ಲೇ ಹಿಂದಿಯಲ್ಲಿ ನೋಡಿದ್ದೇನೆ” ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು.

ಕಥೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಅಮೆರಿಕದ ಒಂದು ಬೇಸಗೆ ಶಿಬಿರದಲ್ಲಿ ಹನ್ನೊಂದು ವರ್ಷದ ಇಬ್ಬರು ಹುಡುಗಿಯರು ಎದುರುಬದುರಾಗುತ್ತಾರೆ. ಒಬ್ಬಳು ಕ್ಯಾಲಿಫೋರ್ನಿಯದಲ್ಲಿ ದ್ರಾಕ್ಷಿತೋಟದ ಒಡೆಯನಾದ ತಂದೆಯೊಡನೆ ಬೆಳೆದವಳು. ಇನ್ನೊಬ್ಬಳು ಲಂಡನ್ನಿನಲ್ಲಿ ಮದುವೆಯ ಉಡುಪುಗಳನ್ನು ರೂಪಿಸುವ ತಾಯಿಯ ಮಡಿಲಲ್ಲಿ ಬೆಳೆದವಳು. ಮುಖ ಒಂದೇ ಅಚ್ಚು. ಮೊದಲು ಜಗಳ, ಆಮೇಲೆ ಗೆಳೆತನ. ಕೊನೆಗೆ ಇಬ್ಬರ ಬಳಿಯೂ ಇದ್ದ ಹರಿದ ಭಾವಚಿತ್ರದ ಎರಡು ತುಂಡುಗಳನ್ನು ಜೋಡಿಸಿದಾಗ ಅಪ್ಪ ಅಮ್ಮ ಒಂದಾಗಿ ಕಾಣುತ್ತಾರೆ. ಅವಳ ಮನೆಗೆ ಇವಳು, ಇವಳ ಮನೆಗೆ ಅವಳು ಹೋಗುತ್ತಾರೆ. ಮುಂದಿನದು ಹಿರಿಯರಿಗೆ ಒಡ್ಡಿದ ಬಲೆ.

1998ರಲ್ಲಿ ಬಂದ ಈ ಚಿತ್ರ ನ್ಯಾನ್ಸಿ ಮೇಯರ್ಸ್ ಅವರ ನಿರ್ದೇಶನದ ಪ್ರಥಮ ಕೃತಿ. ಎರಡೂ ಪಾತ್ರಗಳನ್ನು ವಹಿಸಿದ ಲಿಂಡ್ಸೆ ಲೋಹನ್ ಚಿತ್ರೀಕರಣದ ಕಾಲದಲ್ಲಿ ಹನ್ನೊಂದರ ಬಾಲಿಕೆ. ಲಂಡನ್ನಿನ ಹುಡುಗಿಯಾಗಿ, ಅಮೆರಿಕದ ಹುಡುಗಿಯಾಗಿ, ಆಮೇಲೆ ಒಬ್ಬಳು ಇನ್ನೊಬ್ಬಳಂತೆ ನಟಿಸುವವಳಾಗಿ ನಾಲ್ಕು ಬಗೆಯ ಮಾತನ್ನು ಆ ಮಗು ನಿಭಾಯಿಸಿರುವ ರೀತಿಯನ್ನು ಮೆಚ್ಚದವರಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಮನೆಯಲ್ಲೂ ಭಿನ್ನಾಭಿಪ್ರಾಯ ಬರಲಿಲ್ಲ. ಬಂದುದು ಇಂಗ್ಲಿಷ್ ಅಧ್ಯಾಪಕರಾದ ನನ್ನ ಮಿತ್ರರಿಂದ, ಅದೂ ಬೇರೆ ಕಾರಣಕ್ಕೆ. ಅವರಿಗೆ 1961ರ ಡಿಸ್ನಿ ಚಿತ್ರವೇ ಪ್ರಮಾಣ. ಅದರಲ್ಲಿ ಹೇಲಿ ಮಿಲ್ಸ್ ಅವಳಿಗಳಾಗಿದ್ದಳು; ತೆರೆಯನ್ನು ನಡುವೆ ಸೀಳಿ ಎರಡು ಬಾರಿ ಚಿತ್ರ ತೆಗೆದು ಕೂಡಿಸುವ ಹಳೆಯ ಉಪಾಯ ಅಲ್ಲಿತ್ತು. “ಆ ಮುಗ್ಧತೆ ಇದರಲ್ಲೆಲ್ಲಿ? ಇಲ್ಲಿ ಎಲ್ಲವೂ ಸಿರಿವಂತಿಕೆಯ ಪ್ರದರ್ಶನ” ಎಂದು ಅವರ ವಾದ. ಅರ್ಧ ಒಪ್ಪಬಹುದಾದ ಮಾತು. ದ್ರಾಕ್ಷಿತೋಟ, ಸೇವಕರು, ಐಷಾರಾಮದ ಹಡಗು ಇವೆಲ್ಲ ಇರುವಲ್ಲಿ ಮುರಿದ ಸಂಸಾರದ ನೋವು ಕೂಡ ಇಸ್ತ್ರಿ ಮಾಡಿದಂತೆ ಕಾಣುತ್ತದೆ.

ಆದರೆ ಇವೆರಡಕ್ಕೂ ಹಿಂದೆ ಒಂದು ಪುಸ್ತಕವಿದೆಯೆಂಬುದು ನೋಡುಗರಲ್ಲಿ ಬಹುಮಂದಿಗೆ ತಿಳಿಯದು. ಜರ್ಮನ್ ಲೇಖಕ ಎರಿಶ್ ಕೆಸ್ಟ್ನರ್ 1949ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ ಅದು. 1933ರಲ್ಲಿ ನಾಜಿಗಳು ಬರ್ಲಿನ್ನಿನಲ್ಲಿ ಗ್ರಂಥಗಳನ್ನು ಸುಟ್ಟಾಗ, ತನ್ನ ಪುಸ್ತಕಗಳು ಬೆಂಕಿಗೆ ಬೀಳುವುದನ್ನು ಗುಂಪಿನ ನಡುವೆ ನಿಂತು ಕಣ್ಣಾರೆ ಕಂಡ ಲೇಖಕ ಈತ. ಅವನ ಕಥೆಯಲ್ಲಿ ಲೂಯಿಸೆ ವಿಯೆನ್ನದ ಸಂಗೀತಗಾರ ತಂದೆಯ ಬಳಿ ಇದ್ದರೆ, ಲೊಟ್ಟೆ ಮ್ಯೂನಿಕ್ಕಿನಲ್ಲಿ ದುಡಿದು ತಿನ್ನುವ ತಾಯಿಯ ಬಳಿ. ಆ ತಾಯಿಯ ಉದ್ಯೋಗವನ್ನು ಕೇಳಿದರೆ ಈ ಪತ್ರಿಕೆಯ ವಾಚಕರಿಗೆ ಸಂತೋಷವಾದೀತು. ಆಕೆ ಒಂದು ಸಚಿತ್ರ ಪತ್ರಿಕೆಯ ಚಿತ್ರ ವಿಭಾಗದಲ್ಲಿದ್ದವಳು. ರಜೆಯ ಊರಿನ ಛಾಯಾಗ್ರಾಹಕನೊಬ್ಬ ತೆಗೆದ ಅವಳಿಗಳ ಚಿತ್ರ ಅವಳ ಮೇಜಿಗೇ ಬಂದು ಗುಟ್ಟು ರಟ್ಟಾಗುತ್ತದೆ.

ಕೆಸ್ಟ್ನರನ ಮಕ್ಕಳು ತುಂಟರಾದರೂ ಅವನು ಅವರ ಸಂಕಟವನ್ನು ಮುಚ್ಚಿಡಲಿಲ್ಲ. ಗರಗಸದಿಂದ ಇಬ್ಬರನ್ನೂ ಅರ್ಧರ್ಧ ಮಾಡಿ ಹಂಚಿಕೊಳ್ಳೋಣ ಎನ್ನುವ ತಂದೆ ಲೊಟ್ಟೆಯ ಕನಸಿನಲ್ಲಿ ಬರುತ್ತಾನೆ. ತಂದೆ ಮರುಮದುವೆಗೆ ಹೊರಟಾಗ ಆ ಹುಡುಗಿ ಕೈಹಿಡಿಯಲಿರುವ ಹೆಂಗಸಿನ ಮನೆಗೆ ಒಬ್ಬಳೇ ಹೋಗಿ, ಈ ಮದುವೆ ಬೇಡ ಎಂದು ನೇರವಾಗಿ ಹೇಳುತ್ತಾಳೆ. ಬಳಿಕ ಜ್ವರ ಹಿಡಿದು ಮಲಗುತ್ತಾಳೆ. ಇಂಥ ವಿಷಯ ಮಕ್ಕಳಿಗೆ ತಕ್ಕುದೆ ಎಂದು ಹಿರಿಯರು ಆಕ್ಷೇಪಿಸುವರೆಂದು ಊಹಿಸಿ, ಲೇಖಕ ಕಥೆಯ ನಡುವೆಯೇ ಉತ್ತರ ಕೊಟ್ಟಿದ್ದಾನೆ. ಬಾಲನಟಿ ಶರ್ಲಿ ಟೆಂಪಲ್ಲಳಿಗೆ ತಾನೇ ನಟಿಸಿದ ಚಿತ್ರವನ್ನು ನೋಡಲು ವಯಸ್ಸು ಸಾಲದೆಂದು ಅಡ್ಡಿಪಡಿಸಿದರಂತೆ. ಹಾಗೆಯೆ ಮನೆ ಮುರಿದ ದುಃಖವನ್ನು ಅನುಭವಿಸಬಲ್ಲ ಮಕ್ಕಳಿಗೆ ಅದರ ಕಥೆಯನ್ನು ಕೇಳುವ ಹಕ್ಕಿಲ್ಲವೆ ಎಂಬುದು ಅವನ ಪ್ರಶ್ನೆ.

ಅಮೆರಿಕದ ಚಿತ್ರಗಳು ಆ ಜ್ವರವನ್ನು ಬಿಟ್ಟು ನಗೆಯನ್ನು ಹಿಡಿದುವು. ಹುಡುಗಿಯ ಕಾಯಿಲೆಯ ಜಾಗಕ್ಕೆ ಬಂದುದು, ತಂದೆ ವರಿಸಲಿರುವ ಹೆಣ್ಣಿಗೆ ಕೊಡುವ ಕಾಟ. 1961ರಲ್ಲಿ ಮಲಗಿದವಳ ಕಾಲಿಗೆ ಸವರಿದ ಜೇನನ್ನು ಕರಡಿಮರಿಗಳು ನೆಕ್ಕುತ್ತವೆ. 1998ರಲ್ಲಿ ಅವಳ ತಲೆಯ ಮೇಲೆ ಓತಿಕ್ಯಾತದಂಥ ಜಂತು ಹರಿದಾಡುತ್ತದೆ. ನಿದ್ರಿಸುತ್ತಿರುವವಳನ್ನು ಗಾಳಿಹಾಸಿಗೆಯ ಸಮೇತ ಕೆರೆಗೆ ತೇಲಿಬಿಡುತ್ತಾರೆ. ಮೊದಲ ಚಿತ್ರದಲ್ಲಿ ಆ ಪಾತ್ರವನ್ನು ಮಾಡಿದ ಜೊಆನ್ನ ಬಾರ್ನ್ಸ್ ಎರಡನೆಯದರಲ್ಲಿ ಅದೇ ಪಾತ್ರದ ತಾಯಿಯಾಗಿ ಬಂದಿದ್ದಾರೆ. ಬಲ್ಲವರಿಗೆ ಇದೊಂದು ಸಣ್ಣ ಸ್ವಾರಸ್ಯ.

ನನ್ನ ಮಗಳು ಕೆರೆಯ ದೃಶ್ಯಕ್ಕೆ ಚಪ್ಪಾಳೆ ತಟ್ಟಿದಳು. ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ನಾದಿನಿಗೆ ಮಾತ್ರ ಸಿಟ್ಟು ಬಂತು. “ಅಲ್ಲ ಭಾವ, ಆ ಮೆರೆಡಿತ್‌ಗೆ ಇಪ್ಪತ್ತಾರು ವರ್ಷ, ನನ್ನ ವಯಸ್ಸು. ಅವಳೇನು ಮಾಡಿದ್ದಾಳೆ? ಮಕ್ಕಳನ್ನು ಹಂಚಿಕೊಂಡು ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಆ ಗಂಡ ಹೆಂಡತಿ. ಕೆರೆಗೆ ಹೋದವಳು ಇವಳು!” ಬಾಲ್ಯದಲ್ಲಿ ಈ ಚಿತ್ರವನ್ನು ಕಂಡು ಈಗ ಪ್ರಾಯಕ್ಕೆ ಬಂದ ಅನೇಕರು ಇದೇ ಮಾತನ್ನು ಹೇಳುವುದುಂಟು. ಮೆರೆಡಿತ್ ಹಣವನ್ನು ಕಂಡು ಬಂದವಳು, ಮಕ್ಕಳನ್ನು ವಸತಿಶಾಲೆಗೆ ಸಾಗಹಾಕಬಯಸುವವಳು, ನಿಜ. ಆದರೂ ನಾದಿನಿಯ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ತಾಯಿಯವರು ನೋಡಿದ್ದು 1968ರ ‘ದೋ ಕಲಿಯಾಂ’. ಮುಂದೆ ಖ್ಯಾತಳಾದ ನೀತು ಸಿಂಗ್ ಅದರಲ್ಲಿ ಬೇಬಿ ಸೋನಿಯಾ ಎಂಬ ಹೆಸರಿನಲ್ಲಿ ಅವಳಿಗಳಾಗಿದ್ದಳು. ಅದಕ್ಕೂ ಮೊದಲು ಎ.ವಿ.ಎಂ. ಸಂಸ್ಥೆ 1965ರಲ್ಲಿ ಕುಟ್ಟಿ ಪದ್ಮಿನಿಯನ್ನು ಇಟ್ಟುಕೊಂಡು ತಮಿಳಿನಲ್ಲಿ ‘ಕುಳಂದೈಯುಂ ದೈವಮುಂ’ ತೆಗೆದಿತ್ತು. 1966ರಲ್ಲಿ ಅದು ತೆಲುಗಿಗೂ ಹೋಯಿತು. ನಮ್ಮವರು ಮಾಡಿದ ಮಾರ್ಪಾಡು ಬಲು ಜಾಣತನದ್ದು. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ದಾರಿ ತೆರೆದು ಹತ್ತು ವರ್ಷವಾಗಿದ್ದರೂ, ಸತಿಪತಿಗಳು ತಾವಾಗಿಯೇ ಬೇರೆಯಾದರೆಂದು ತೋರಿಸಲು ಧೈರ್ಯ ಸಾಲಲಿಲ್ಲ. ಹೆಂಡತಿಯ ತಾಯಿಯನ್ನು ದರ್ಪದ ಸಿರಿವಂತೆಯನ್ನಾಗಿ ಮಾಡಿ, ಸಂಸಾರ ಮುರಿದ ಹೊಣೆಯನ್ನೆಲ್ಲ ಅವಳ ತಲೆಗೆ ಕಟ್ಟಿದರು. “ಅತ್ತೆಯ ಗರ್ವಭಂಗವಾದಾಗ ಎಲ್ಲರೂ ಎಷ್ಟು ನಕ್ಕಿದ್ದೆವು!” ಎಂದು ತಾಯಿಯವರು ನೆನೆಸಿಕೊಂಡರು. ಅಲ್ಲಿ ಮೆರೆಡಿತ್, ಇಲ್ಲಿ ಅತ್ತೆ. ಶಿಕ್ಷೆಗೆ ಒಬ್ಬರು ಸಿಕ್ಕಿಬಿಟ್ಟರೆ ತಂದೆತಾಯಿಗಳನ್ನು ಯಾರೂ ವಿಚಾರಿಸುವುದಿಲ್ಲ. ನನ್ನ ಪತ್ನಿ ಕ್ಷಮಿಸಲಾರೆ ಎಂದದ್ದು ಈ ತಪ್ಪಿಸಿಕೊಂಡವರನ್ನೇ.

ಇಷ್ಟಾದರೂ ಚಿತ್ರವನ್ನು ತೆಗೆದುಹಾಕಲು ನನಗೆ ಮನಸ್ಸಿಲ್ಲ. ತಾಯಿಯಾಗಿ ನಟಿಸಿದ ನತಾಶಾ ರಿಚರ್ಡ್‌ಸನ್, ತನ್ನ ಮುಂದಿರುವವಳು ಇಷ್ಟು ವರ್ಷ ಕಾಣದ ಮಗಳೆಂದು ತಿಳಿದಾಗ ತೋರುವ ಭಾವ ಮಾತಿಗೆ ಮೀರಿದ್ದು. 2009ರಲ್ಲಿ ಹಿಮದ ಮೇಲೆ ಬಿದ್ದು ಪೆಟ್ಟಾಗಿ ಆಕೆ ತೀರಿಕೊಂಡರು; ಅದನ್ನು ಬಲ್ಲವರಿಗೆ ಆ ದೃಶ್ಯ ಇನ್ನಷ್ಟು ಭಾರವಾಗುತ್ತದೆ.

ಚರ್ಚೆ ಮುಗಿಯುವ ಹೊತ್ತಿಗೆ ಏಳನೆಯವಳ ನೆನಪಾಯಿತು. ಅವಳ ತಂದೆತಾಯಿಗಳು ಎರಡು ವರ್ಷಗಳಿಂದ ಬೇರೆ ಬೇರೆ ಊರುಗಳಲ್ಲಿದ್ದಾರೆ; ಇದು ನೆನಪಿದ್ದಿದ್ದರೆ ಆ ಸಂಜೆಗೆ ಬೇರೊಂದು ಚಿತ್ರವನ್ನು ಆರಿಸುತ್ತಿದ್ದೆ. “ನಿನಗೆ ಹೇಗನಿಸಿತಮ್ಮ?” ಎಂದು ಅಳುಕುತ್ತಲೇ ಕೇಳಿದೆ.

“ಚೆನ್ನಾಗಿದೆ ಅಂಕಲ್” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಅವರು ಇಬ್ಬರಿದ್ದರಲ್ಲ” ಎಂದಳು.

ನಾವಾರೂ ಏನೂ ಹೇಳಲಿಲ್ಲ. ಆಮೇಲೆ ಅವಳೇ, ಲಂಡನ್ನಿನ ಹುಡುಗಿ ಮನೆಯ ಸೇವಕನೊಡನೆ ಕೈಗೆ ಕೈ ತಟ್ಟಿ, ಸೊಂಟ ಕುಲುಕಿ, ಕುಣಿದು ಬೀಳ್ಕೊಳ್ಳುವ ಭಾಗವನ್ನು ಇನ್ನೊಮ್ಮೆ ಹಾಕಲಾದೀತೇ ಎಂದು ಕೇಳಿದಳು. ಹಾಕಿದೆ. ಮೂರನೆಯ ಸಲಕ್ಕೆ ಅವಳೂ ನನ್ನ ಮಗಳೂ ಅದನ್ನು ಒಂದು ತಪ್ಪೂ ಇಲ್ಲದೆ ಕಲಿತುಬಿಟ್ಟಿದ್ದರು.