ಮುಟ್ಟಿದರೆ ಮುನಿಯ ಮುಂದೆ ಕುಳಿತವರು

ಜೀವಶಾಸ್ತ್ರದ ವಿದ್ಯಾರ್ಥಿಗಳೂ, ಪರೀಕ್ಷೆಯ ಹಂಗಿಲ್ಲದೆ ಕೇವಲ ಕುತೂಹಲದಿಂದ ಗಿಡಮರ ಪ್ರಾಣಿಪಕ್ಷಿಗಳನ್ನು ಗಮನಿಸುವವರೂ ಇಂದು ಅಂತರಜಾಲದಲ್ಲಿ ಕೇಳುವ ಪ್ರಶ್ನೆಗಳು ಎಷ್ಟು ವಿವಿಧವೆಂದರೆ, ಕಳಚಿದ ಹಲ್ಲಿಯ ಬಾಲ ಮತ್ತೆ ಬೆಳೆಯುವುದು ಹೇಗೆಂಬುದರ ಬೆನ್ನಿಗೇ ತಂದೆತಾಯಿಗಳ ರಕ್ತದ ಗುಂಪು ಮಕ್ಕಳಿಗೆ ಬರುವ ಬಗೆ ಯಾವುದೆಂಬುದು ಬಂದು ನಿಲ್ಲುತ್ತದೆ. ಇವುಗಳಲ್ಲಿ ಯಾವುದನ್ನೂ ಕ್ಷುಲ್ಲಕವೆಂದು ತಳ್ಳಿಹಾಕಲಾಗದು. ಬೇಲಿಯಂಚಿನ ಮುಟ್ಟಿದರೆ ಮುನಿ ಎಲೆ ಮಡಚುವುದೇಕೆಂಬ, ಬಾಲಿಶವೆಂದು ತೋರುವ ಪ್ರಶ್ನೆಯೊಂದನ್ನೇ ಬೆಂಬತ್ತಿ ನೋಡಬಹುದು.

ಕೋಶಗಳೊಳಗಿನ ನೀರಿನ ಒತ್ತಡ ಇಳಿಯುವುದರಿಂದ ಎಂಬ ಒಂದು ಸಾಲಿನ ಉತ್ತರ ಪರೀಕ್ಷೆಗೆ ಸಾಕಾದೀತು, ಜಿಜ್ಞಾಸುವಿಗೆ ಸಾಲದು. ಕೇಳಿದವನನ್ನು ಮರಳಿ ಗಿಡದ ಬಳಿಗೇ ಕಳುಹಿಸುವ ಉತ್ತರವೇ ಶ್ರೇಷ್ಠವಾದುದೆಂದು ನಾನು ದೃಢವಾಗಿ ನಂಬಿದ್ದೇನೆ. ಅಲ್ಲಿ ಕುಳಿತು ನೋಡಿದರೆ, ಎಲೆಯ ತೊಟ್ಟು ಕಾಂಡವನ್ನು ಕೂಡುವೆಡೆಯಲ್ಲಿ ಸಣ್ಣದೊಂದು ಉಬ್ಬು ಕಾಣುತ್ತದೆ. ಸಸ್ಯಶಾಸ್ತ್ರಜ್ಞರು ಪಲ್ವೈನಸ್ ಎಂದು ಕರೆಯುವ ಈ ಉಬ್ಬಿನ ಕೆಳಮಗ್ಗುಲಿನ ಕೋಶಗಳು ನೀರು ತುಂಬಿ ಬಿಗಿದಿರುವ ತನಕ ಎಲೆ ನೆಟ್ಟಗೆ ನಿಂತಿರುತ್ತದೆ. ಸ್ಪರ್ಶದಿಂದ ಹುಟ್ಟಿದ ವಿದ್ಯುತ್ಸಂಕೇತ ಅಲ್ಲಿಗೆ ತಲುಪಿದೊಡನೆ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಆ ಕೋಶಗಳಿಂದ ಹೊರಬೀಳುತ್ತವೆ, ಅವನ್ನನುಸರಿಸಿ ನೀರೂ ಹೊರಡುತ್ತದೆ, ಬಿಗಿ ಕಳೆದುಕೊಂಡ ಭಾಗ ಬಾಗಿ ಎಲೆ ಜೋತುಬೀಳುತ್ತದೆ. ಪ್ರತಿಯೊಂದು ಕಿರುಎಲೆಯ ಬುಡದಲ್ಲಿಯೂ ಇಂಥದೇ ಅತಿಸೂಕ್ಷ್ಮವಾದ ಉಬ್ಬೊಂದಿದೆ. ನರಗಳೇ ಇಲ್ಲದ ಸಸ್ಯದಲ್ಲಿ ಇಂಥ ವಿದ್ಯುತ್ಪ್ರತಿಕ್ರಿಯೆ ಉಂಟೆಂಬುದನ್ನು ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತಾವೇ ರೂಪಿಸಿದ ಉಪಕರಣಗಳಿಂದ ಅಳೆದು ತೋರಿಸಿದರು.

ಯಾರೂ ಮುಟ್ಟದಿದ್ದರೂ ಗಿಡ ಸಂಜೆಯಾದೊಡನೆ ಮಡಚಿಕೊಳ್ಳುತ್ತದೆ. 1729ರಲ್ಲಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ದ ಮೈರಾನ್ ಇಂಥದೇ ಒಂದು ಗಿಡವನ್ನು ಕತ್ತಲೆಯಲ್ಲಿರಿಸಿದಾಗ, ಸೂರ್ಯನನ್ನು ಕಾಣದಿದ್ದರೂ ಅದು ಹಗಲಿಗೆ ಅರಳಿ ಇರುಳಿಗೆ ಮುದುಡುತ್ತಿತ್ತು. ಜೀವಿಗಳೊಳಗೇ ಗಡಿಯಾರವಿದೆಯೆಂಬ ವಿಚಾರಕ್ಕೆ ಅಂದು ದೊರೆತ ಎಳೆ, ಹಣ್ಣುನೊಣಗಳಲ್ಲಿ ಆ ಗಡಿಯಾರದ ಜೀನುಗಳನ್ನು ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ಸಂದ ನೊಬೆಲ್ ಪಾರಿತೋಷಕದವರೆಗೂ ಸಾಗಿಬಂದಿದೆ.

2014ರಲ್ಲಿ ಪ್ರಕಟವಾದ, ವಿಜ್ಞಾನಿ ಮೋನಿಕಾ ಗಾಗ್ಲಿಯಾನೊ ಮತ್ತು ಸಂಗಡಿಗರ ಪ್ರಯೋಗ ಇನ್ನೂ ವಿಸ್ಮಯಕರ. ಮುಟ್ಟಿದರೆ ಮುನಿಯ ಕುಂಡಗಳನ್ನು ಕೇವಲ 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಕೆಡವಿದಾಗ, ಮೊದಲು ಮುದುಡುತ್ತಿದ್ದ ಗಿಡಗಳು ಕ್ರಮೇಣ ಅದನ್ನು ಲೆಕ್ಕಿಸದಾದವು. ಬೇರೆ ಬಗೆಯಾಗಿ ಅಲುಗಿಸಿದರೆ ಮಾತ್ರ ಮುದುಡಿದುವು. ಮಿದುಳಿಲ್ಲದ ಸಸ್ಯದ ಈ ನಡತೆಯನ್ನು ಕಲಿಕೆಯೆನ್ನಬಹುದೆ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ; ಉತ್ತರ ಹೇಳುವವರು ಈ ಭಿನ್ನಮತವನ್ನೂ ಮರೆಮಾಚದೆ ಹೇಳಬೇಕು.