ಜಗಳ ಮರೆತ ಚಿಟ್ಟೆಮೀನುಗಳು

ಬೆಚ್ಚನೆಯ ಕಡಲುಗಳ ಹವಳದ ದಿಬ್ಬಗಳಲ್ಲಿ ಅಂಗೈಯಗಲದ ಮೀನುಗಳ ಒಂದು ಕುಲ ವಾಸವಾಗಿದೆ. ತಟ್ಟೆಯಂತೆ ಚಪ್ಪಟೆಯಾದ ಮೈ. ಅದರ ಮೇಲೆ ಹಳದಿ, ಬಿಳುಪು, ಕಪ್ಪುಗಳ ಪಟ್ಟೆ. ಈ ಬಣ್ಣಕ್ಕೆ ಮರುಳಾದ ಇಂಗ್ಲಿಷರು ಇವನ್ನು ಚಿಟ್ಟೆಮೀನುಗಳೆಂದು ಕರೆದರು. ಲಿನೇಯಸ್ ಪಂಡಿತನು 1758ರ ತನ್ನ ಗ್ರಂಥದಲ್ಲಿ ಕೊಟ್ಟ ಹೆಸರು ಕೀಟೋಡಾನ್. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಕೂದಲಿನಂಥ ಹಲ್ಲುಳ್ಳದ್ದು ಎಂದರ್ಥ. ಮೊದಲ ಹೆಸರು ಸೊಗಸಾದದ್ದು, ನಿಜ. ಆದರೆ ಮೀನಿನ ಬಾಳುವೆಯನ್ನು ತಿಳಿಸುವುದು ಎರಡನೆಯದೇ.

ಹವಳವೆಂಬುದು ಕಲ್ಲಲ್ಲ, ಸಾವಿರಾರು ಸಣ್ಣ ಜೀವಿಗಳ ಊರು. ಆ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುವುದಕ್ಕೆ ಚಿಟ್ಟೆಮೀನಿಗೆ ಚೂಪಾದ ಪುಟ್ಟ ಬಾಯಿ, ಕುಂಚದಂಥ ಹಲ್ಲುಗಳು ದೊರೆತಿವೆ. ಕುಲದಲ್ಲಿ ಸುಮಾರು 130 ಜಾತಿಗಳಿವೆ. ಕೆಲವು ಹುಳುಹುಪ್ಪಟೆಗಳನ್ನೂ ತಿಂದು ಬದುಕಬಲ್ಲವು. ಮತ್ತೆ ಕೆಲವಕ್ಕೆ ಜೀವಂತ ಹವಳವಲ್ಲದೆ ಬೇರೆ ಅನ್ನವಿಲ್ಲ. ಇಂಥವನ್ನು ತಂದು ಗಾಜಿನ ತೊಟ್ಟಿಯಲ್ಲಿ ಸಾಕಹೊರಟವರು ಅವು ಹಸಿದು ಸಾಯುವುದನ್ನು ನೋಡಬೇಕಾಗುತ್ತದೆ.

ಕರೀಬಿಯನ್ ಕಡಲಿನ ಒಂದು ಜಾತಿಗೆ ಬಾಲದ ಬಳಿ ಕಣ್ಣಿನಂತೆಯೇ ಕಾಣುವ ಕರಿಯ ಬೊಟ್ಟು. ನಿಜವಾದ ಕಣ್ಣು ಕಪ್ಪು ಪಟ್ಟೆಯೊಳಗೆ ಮರೆಯಾಗಿರುತ್ತದೆ. ಶತ್ರುವಿಗೆ ತಲೆ ಯಾವುದು, ಬಾಲ ಯಾವುದು ಎಂಬ ಗೊಂದಲ!

ಹಲವು ಜಾತಿಗಳು ಜೋಡಿಯಾಗಿ ವರ್ಷಗಟ್ಟಲೆ ಸಂಸಾರ ಮಾಡುತ್ತವೆ. ಪೆಸಿಫಿಕ್ ಸಾಗರದ ಒಂದು ಜಾತಿಯಲ್ಲಂತೂ ಗಂಡು ಗಡಿ ಕಾಯುತ್ತದೆ, ಹೆಣ್ಣು ನಿಶ್ಚಿಂತೆಯಿಂದ ಮೇಯುತ್ತದೆ. ಗೃಹಸ್ಥರಾದ ವಾಚಕರು ಇದರಿಂದ ಏನು ತಿಳಿಯಬೇಕೋ ಅವರಿಗೇ ಬಿಟ್ಟದ್ದು. ಒಟ್ಟಿನಲ್ಲಿ ಹವಳದ ತುಣುಕಿಗಾಗಿ ನೆರೆಹೊರೆಯೊಡನೆ ಇವುಗಳ ಕಲಹ ನಿತ್ಯದ್ದು: ಎದುರಾಳಿಯನ್ನು ಅಟ್ಟುವುದು, ಬೆನ್ನಿನ ಮುಳ್ಳು ನಿಗುರಿಸಿ ಬೆದರಿಸುವುದು.

ಈ ಕಲಹವನ್ನೇ ಸ್ಯಾಲಿ ಕೀತ್ ಮತ್ತು ಸಂಗಡಿಗರು ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗಿನ 17 ದಿಬ್ಬಗಳಲ್ಲಿ ಮುಳುಗಿ ಎಣಿಸುತ್ತಿದ್ದರು. ಅಷ್ಟರಲ್ಲಿ 2016ರ ಬಿಸಿ ಬಂತು. ನೀರಿನ ಕಾವು ಬೇಸಗೆಯ ಮಿತಿಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ನಿಂತರೆ ಸಾಕು, ಹವಳವು ತನ್ನೊಡಲೊಳಗಿನ ಪಾಚಿಯನ್ನು ಹೊರದೂಡುತ್ತದೆ. ಅದಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು ಆ ಪಾಚಿಯೇ. ಹವಳ ಬೆಳ್ಳಗಾಗುತ್ತದೆ, ಕಾವು ಇಳಿಯದಿದ್ದರೆ ಸಾಯುತ್ತದೆ. ಅನಂತರ ಅವರು ಮತ್ತೆ ಎಣಿಸಿದಾಗ 38 ಜಾತಿಗಳ ಚಿಟ್ಟೆಮೀನುಗಳ ಜಗಳ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಸಂಶೋಧನೆ 2018ರಲ್ಲಿ ಪ್ರಕಟವಾಯಿತು.

ಇದನ್ನು ಶಾಂತಿಯೆಂದು ಕರೆಯಲು ನನಗೆ ಮನಸ್ಸೊಪ್ಪದು. ಅನ್ನವೇ ಸಾಲದಿರುವಾಗ ಓಡಿಸುವುದಕ್ಕೆ ಶಕ್ತಿ ವ್ಯಯಮಾಡುವುದು ದಂಡ. ಉಳಿದ ಹವಳವನ್ನು ಹುಡುಕುತ್ತ ಅಲೆಯುವುದರಲ್ಲೇ ಹೊತ್ತು ಕಳೆಯುತ್ತದೆ. ಮೈಗೆ ಹತ್ತುವಷ್ಟು ತಿನ್ನದ ಮೀನು ಬೆಳೆಯದು, ಮರಿಗಳೂ ಕಡಿಮೆಯಾಗುತ್ತವೆ. ಮೀನು ಸಾಯುವ ಮೊದಲೇ ಅದರ ಸುಮ್ಮನಿರುವಿಕೆ ದಿಬ್ಬದ ರೋಗವನ್ನು ಹೇಳಿಬಿಡುತ್ತದೆ.

ಇದು ದೂರದೇಶದ ಮಾತೆಂದು ನಾವು ಕೈಕಟ್ಟಿ ಕೂಡುವಂತಿಲ್ಲ. ಲಕ್ಷದ್ವೀಪಗಳಲ್ಲಿಯೂ ಚಿಟ್ಟೆಮೀನುಗಳಿವೆ, ಅಲ್ಲಿನ ಅಮಿನಿದೀವಿ ಗುಂಪು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿತ್ತು. ಅಲ್ಲಿಯ ಹವಳ 1998, 2010, 2016, 2024ರಲ್ಲಿ ಬೆಳ್ಳಗಾಯಿತು. ಬೇಗ ಬೆಳೆಯುವ ಹವಳವೂ ದಿಬ್ಬವನ್ನು ಮತ್ತೆ ತುಂಬಲು ಸುಮಾರು ಹತ್ತು ವರ್ಷ ಬೇಕು. ಕೊನೆಯ ಎರಡು ಬಿಸಿಗಳ ನಡುವೆ ದೊರೆತದ್ದು ಎಂಟು.