ಟಿಪ್ಪಣಿಯ ಮೇಲಿನ ಮೂರು ಸಾಲು

ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ 6ನೇ ಆವೃತ್ತಿ ಹೊರಬಂದದ್ದು 1975ರಲ್ಲಿ. ಅದರ ತಿರುಳಾದ ಕರ್ನಲ್‌ನೊಳಗೆ ಒಂದು ಟಿಪ್ಪಣಿ ಇದೆ. ಇದು ನಿಮಗೆ ಅರ್ಥವಾದೀತೆಂದು ನಾವೇನೂ ಎದುರು ನೋಡುತ್ತಿಲ್ಲ ಎಂಬ ತಾತ್ಪರ್ಯದ್ದು. ಪ್ರೋಗ್ರಾಮರ್‌ಗಳ ನಡುವೆ ಅದು ಮನೆಮಾತು, ಟೀ ಶರ್ಟ್‌ಗಳ ಮೇಲೂ ಅಚ್ಚಾಗಿದೆ. ಆ ಟಿಪ್ಪಣಿ ಇರುವುದು ‘ಸ್ವಿಚ್’ ಎಂಬ ಫಂಕ್ಷನ್ನಿನಲ್ಲಿ. ಫಂಕ್ಷನ್ ಶುರುವಾಗುವಲ್ಲೇ ವೇರಿಯಬಲ್‌ಗಳನ್ನು ಘೋಷಿಸುವ ಮೂರು ಸಾಲುಗಳಿವೆ. ಟಿಪ್ಪಣಿಯನ್ನು ಕೊಂಡಾಡುವವರು ಆ ಸಾಲುಗಳನ್ನು ಓದುವುದೇ ಇಲ್ಲ ಎಂಬುದು ನನ್ನ ಬೇಸರ. ಸಿ ಭಾಷೆಯಲ್ಲಿ ವೇರಿಯಬಲ್ ಎಲ್ಲಿರುತ್ತದೆ, ಎಷ್ಟು ಕಾಲ ಬಾಳುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಕಥೆ ಸಿಗಿಂತ ಹಿಂದಿನದು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಪುಟ್ಟ ಯಂತ್ರಕ್ಕಾಗಿ ಬಿಸಿಪಿಎಲ್ ಭಾಷೆಯನ್ನು ಕತ್ತರಿಸಿ ‘ಬಿ’ ಭಾಷೆ ಮಾಡಿದರು. ಅದರಲ್ಲಿ ಪೂರ್ಣಾಂಕ, ಅಕ್ಷರ ಎಂಬ ಜಾತಿಭೇದವಿರಲಿಲ್ಲ. ಹಾಗಾಗಿ ವೇರಿಯಬಲ್ ಬಗ್ಗೆ ಮೊದಲು ಹೇಳಬೇಕಾಗಿದ್ದದ್ದು ಅದರ ಜಾಗ: ಫಂಕ್ಷನ್ನಿನೊಳಗೆ ಹುಟ್ಟಿ ಸಾಯುವುದಾದರೆ ‘ಆಟೊ’, ಹೊರಗಿನದಾದರೆ ‘ಎಕ್ಸ್‌ಟರ್ನ್’. ಪಿಡಿಪಿ-11 ಯಂತ್ರ ಬಂದ ಮೇಲೆ ಅದೇ ಲ್ಯಾಬ್ಸ್‌ನ ಡೆನ್ನಿಸ್ ರಿಚಿ ಇದಕ್ಕೆ ಇಂಟ್, ಕ್ಯಾರ್ ಮುಂತಾದ ಟೈಪ್‌ಗಳನ್ನು ಸೇರಿಸಿದರು, ಬಿ ಹೋಗಿ ಸಿ ಆಯಿತು. ಫಂಕ್ಷನ್ನಿನೊಳಗೆ ಬರೀ ‘ಇಂಟ್’ ಎಂದರೂ ಆಟೊ ಎಂದೇ ಲೆಕ್ಕವಾದ್ದರಿಂದ ಆ ಹಳೆಯ ಪದವನ್ನು ಬರೆಯುವ ಅಗತ್ಯವೇ ಬೀಳಲಿಲ್ಲ.

ಆಟೊ ವೇರಿಯಬಲ್‌ಗಳು ಸ್ಟ್ಯಾಕ್ ಮೇಲಿರುತ್ತವೆ. ಅದು ಲಾಡ್ಜ್ ರೂಮಿದ್ದಂತೆ. ಫಂಕ್ಷನ್ ಹೊರಟ ತಕ್ಷಣ ಮುಂದಿನವರಿಗೆ. ‘ಸ್ಟ್ಯಾಟಿಕ್’ ಎಂದರೆ ಪ್ರೋಗ್ರಾಮ್ ಇರುವಷ್ಟು ಕಾಲವೂ ಒಂದೇ ಜಾಗ. ಇನ್ನು ‘ರಿಜಿಸ್ಟರ್’ ಎಂದು ಬರೆದರೆ ಮೆಮೊರಿಯ ಗೊಡವೆಯಿಲ್ಲ, ನೇರ ಪ್ರೊಸೆಸರ್‌ನೊಳಗೆ. ಪಿಡಿಪಿ-11ರ ಕಂಪೈಲರ್ ಒಂದು ಫಂಕ್ಷನ್ನಿನಲ್ಲಿ ಇಂಥ ಮೂರನ್ನು ಮಾತ್ರ ಒಪ್ಪುತ್ತಿತ್ತು. ನಾಲ್ಕನೆಯದಕ್ಕೆ ರಿಜಿಸ್ಟರ್ ಎಂದು ಬರೆದರೂ ಅದು ಸ್ಟ್ಯಾಕಿಗೇ ಹೋಗುತ್ತಿತ್ತು.

ಈಗ ಸ್ವಿಚ್‌ಗೆ ಬರೋಣ. ಓಡುತ್ತಿರುವ ಒಂದು ಪ್ರೊಸೆಸ್ಸನ್ನು ನಿಲ್ಲಿಸಿ ಇನ್ನೊಂದಕ್ಕೆ ಪ್ರೊಸೆಸರ್ ಒಪ್ಪಿಸುವುದು ಅದರ ಕೆಲಸ. ಹಾಗೆ ಮಾಡುವಾಗ ತಾನು ನಿಂತಿರುವ ಸ್ಟ್ಯಾಕನ್ನೇ ಅದು ಬದಲಿಸಿಬಿಡುತ್ತದೆ, ಅದೂ ಎರಡು ಸಲ. ಮೊದಲು ಶೆಡ್ಯೂಲರ್‌ನ ಸ್ಟ್ಯಾಕಿಗೆ, ಆಮೇಲೆ ಆಯ್ಕೆಯಾದ ಪ್ರೊಸೆಸ್ಸಿನ ಸ್ಟ್ಯಾಕಿಗೆ. ಆಟೊ ವೇರಿಯಬಲ್ ಒಂದಿದ್ದರೆ ಈ ಹಾರಾಟದಲ್ಲಿ ಅದರ ಬೆಲೆ ಹಿಂದೆಯೇ ಉಳಿದುಹೋಗುತ್ತದೆ. ಆದ್ದರಿಂದಲೇ ಆ ಮೂರು ಸಾಲುಗಳಲ್ಲಿ ಆಟೊ ಒಂದೂ ಇಲ್ಲ. ಮೊದಲನೆಯದು ‘ಪಿ’, ಸ್ಟ್ಯಾಟಿಕ್. 50 ಪ್ರೊಸೆಸ್‌ಗಳ ಪಟ್ಟಿಯಲ್ಲಿ ಕಳೆದ ಸಲ ಹುಡುಕಾಟ ಎಲ್ಲಿ ನಿಂತಿತ್ತೆಂಬುದು ಅದಕ್ಕೆ ನೆನಪಿರಬೇಕು. ಆ ಪಟ್ಟಿ ಇಡೀ ಕರ್ನಲ್‌ಗೆ ಕಾಣುತ್ತದೆ. ಅಷ್ಟೇ ಕಾಲ ಬಾಳುವ ಪಿ ಮಾತ್ರ ಸ್ವಿಚ್ ಬಿಟ್ಟು ಬೇರೆ ಯಾರಿಗೂ ಕಾಣದು. ಆಯಸ್ಸು ಬೇರೆ, ಕಾಣಿಸಿಕೊಳ್ಳುವ ವ್ಯಾಪ್ತಿ ಬೇರೆ. ಉಳಿದ ಎರಡು ಸಾಲುಗಳ ಮೂರು, ಅಂದರೆ ‘ಐ’, ‘ಎನ್’, ‘ಆರ್‌ಪಿ’, ರಿಜಿಸ್ಟರ್‌ಗಳು. ಸರಿಯಾಗಿ ಮೂರು! ಎರಡನೇ ಸಲ ಸ್ಟ್ಯಾಕ್ ಬದಲಾದ ಮೇಲೂ ಸ್ವಿಚ್ ಆರ್‌ಪಿಯನ್ನು ಓದುತ್ತದೆ. ಸ್ಟ್ಯಾಕ್ ಬದಲಿಸುವ ಅಸೆಂಬ್ಲಿ ಕೋಡ್ ಆ ಮೂರು ರಿಜಿಸ್ಟರ್‌ಗಳನ್ನು ಮುಟ್ಟುವುದಿಲ್ಲವಾದ್ದರಿಂದ ಸರಿಯಾದ ಬೆಲೆಯೇ ಸಿಗುತ್ತದೆ. ರಿಜಿಸ್ಟರ್ ಇರುವುದು ವೇಗಕ್ಕೆ ಎಂದು ಎಲ್ಲರೂ ಓದಿದ್ದೇವೆ. ಇಲ್ಲಿ ಅದಿಲ್ಲದಿದ್ದರೆ ಯೂನಿಕ್ಸ್ ಓಡುತ್ತಲೇ ಇರಲಿಲ್ಲ.

ಈ ಏರ್ಪಾಡು ಮುರಿದುಬಿದ್ದದ್ದು ಕೂಡ ರಿಜಿಸ್ಟರ್ ದೆಸೆಯಿಂದಲೇ. ರಿಚಿ ಮತ್ತು ಸ್ಟೀವ್ ಜಾನ್ಸನ್ ಯೂನಿಕ್ಸನ್ನು ಇಂಟರ್‌ಡೇಟಾ 8/32 ಯಂತ್ರಕ್ಕೆ ಸಾಗಿಸಲು ಹೊರಟಾಗ ತೊಡಕು ಎದುರಾಯಿತು. ಸ್ವಿಚ್ ಕೆಲವೊಮ್ಮೆ ಇನ್ನೊಂದು ಫಂಕ್ಷನ್ ಬಿಟ್ಟುಹೋದ ಸ್ಟ್ಯಾಕ್ ಚೌಕಟ್ಟಿನೊಳಗಿಂದ ವಾಪಸಾಗುತ್ತಿತ್ತು. ಪಿಡಿಪಿ-11ರಲ್ಲಿ ಪ್ರತಿ ಫಂಕ್ಷನ್ನೂ, ಬೇಕಿರಲಿ ಬೇಡವಾಗಿರಲಿ, ಆ ಮೂರು ರಿಜಿಸ್ಟರ್‌ಗಳನ್ನು ಒಂದೇ ಬಗೆಯಲ್ಲಿ ಕಾದಿಡುತ್ತಿದ್ದುದರಿಂದ ಯಾರ ಚೌಕಟ್ಟಾದರೂ ನಡೆಯುತ್ತಿತ್ತು. ಇಂಟರ್‌ಡೇಟಾದಲ್ಲಿ ಯಾವ ರಿಜಿಸ್ಟರ್‌ಗಳನ್ನು ಕಾದಿಡಲಾಗಿದೆ ಎಂಬುದರ ಮೇಲೆ ವಾಪಸಾಗುವ ಕೋಡೇ ಬದಲಾಗುತ್ತಿತ್ತು. ಆ ಟಿಪ್ಪಣಿ ಬರೆಯುವಾಗ ನಮಗೂ ಪೂರ್ತಿ ಅರ್ಥವಾಗಿರಲಿಲ್ಲ ಎಂದು ರಿಚಿ ಮುಂದೆ ನೇರವಾಗಿ ಒಪ್ಪಿಕೊಂಡರು. ಅಷ್ಟು ದೊಡ್ಡ ಮನುಷ್ಯ ಹೀಗೆ ಹೇಳಿದ್ದು ನನಗೆ ತುಂಬ ಹಿಡಿಸಿತು. 1979ರ 7ನೇ ಆವೃತ್ತಿಯಲ್ಲಿ ಬೇರೆ ಉಪಾಯ ಬಂದು ಆ ಟಿಪ್ಪಣಿಯೂ ಮಾಯವಾಯಿತು.

6ನೇ ಆವೃತ್ತಿಯ ಕೋಡನ್ನು ಸಾಲುಸಾಲಾಗಿ ವಿವರಿಸಿ ಪಾಠ ಬರೆದವರು ಆಸ್ಟ್ರೇಲಿಯಾದ ಮೇಷ್ಟ್ರು ಜಾನ್ ಲಯನ್ಸ್. ಲೈಸೆನ್ಸ್ ಬಿಗಿಯಾದ ಮೇಲೆ ಆ ಪುಸ್ತಕ ಜೆರಾಕ್ಸ್ ಪ್ರತಿಗಳಲ್ಲಿ ಕೈಯಿಂದ ಕೈಗೆ ಓಡಾಡಿತು. ಎಲ್ಲರೂ ಕೊಳ್ಳುವಂತೆ ಅಚ್ಚಾದದ್ದು 1996ರಲ್ಲಿ. ಅಷ್ಟರಲ್ಲಿ ರಿಜಿಸ್ಟರ್ ಹಂಚುವ ಕೆಲಸ ಕಂಪೈಲರ್ ಪಾಲಾಗಿತ್ತು. ಐಬಿಎಂನ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದ ಗ್ರಾಫ್ ಬಣ್ಣ ಹಚ್ಚುವ ವಿಧಾನದ ಮುಂದೆ ಪ್ರೋಗ್ರಾಮರ್‌ನ ಊಹೆ ನಿಲ್ಲುವಂತಿರಲಿಲ್ಲ. ಸಿ++17 ರಿಜಿಸ್ಟರ್‌ಗಿದ್ದ ಅರ್ಥವನ್ನೇ ಕೈಬಿಟ್ಟಿತು, ಸಿಯಲ್ಲಿ ಇನ್ನೂ ಉಳಿದಿದೆ. ಯಂತ್ರಕ್ಕೆ ಇದರಿಂದ ಲಾಭವೇ ಆಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ತಾನು ಬರೆದ ವೇರಿಯಬಲ್ ಎಲ್ಲಿ ಕೂತಿದೆ ಎಂದು ಬಲ್ಲ ಪ್ರೋಗ್ರಾಮರ್ ಅಪರೂಪವಾಗುತ್ತಿದ್ದಾನೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಆಟೊ, ಎಕ್ಸ್‌ಟರ್ನ್, ಸ್ಟ್ಯಾಟಿಕ್, ರಿಜಿಸ್ಟರ್‌ಗಳ ‘ಸ್ಟೋರೇಜ್ ಕ್ಲಾಸ್’ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ನಾಲ್ಕು ಸಾಲಿನ ಕೋಷ್ಟಕ. ಕೋಷ್ಟಕದ ಬದಲು ಒಂದು ತರಗತಿ ಸ್ವಿಚ್ ಫಂಕ್ಷನ್ನನ್ನು ಬೋರ್ಡಿನ ಮೇಲೆ ಬರೆಯಲಿ, ಆರ್‌ಪಿಯ ಮುಂದಿನ ರಿಜಿಸ್ಟರ್ ಅಳಿಸಿ, ಈಗ ಏನಾಗುತ್ತದೆ ಎಂದು ಹುಡುಗರನ್ನು ಕೇಳಲಿ.